ಸಾಲಲ್ಲಿ ನಿಲ್ಲಿಸಬೇಡಿ, ಆಡಿಸಿ: ಮಕ್ಕಳ ಕ್ರೀಡಾ ತರಬೇತಿಗೊಂದು ಕೈಪಿಡಿ

ನಾನು ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಶುರು ಮಾಡಿದ ಹೊಸತು. 18 ಮಕ್ಕಳು, ಒಂದು ಗೋಲು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಚೆಂಡು ಹೊಡೆಸುತ್ತಿದ್ದೆ. ನೋಡಲು ತುಂಬಾ ಶಿಸ್ತಾಗಿ ಕಾಣುತ್ತಿತ್ತು. ಒಂದು ದಿನ ಸುಮ್ನೆ ವಾಚು ಹಿಡಿದು ಲೆಕ್ಕ ಹಾಕಿದೆ. ಒಬ್ಬರ ಸರದಿಗೆ ಸುಮಾರು 10 ಸೆಕೆಂಡ್. ಅಂದರೆ ಮತ್ತೆ ಸರದಿ ಬರಲು ಪ್ರತಿ ಮಗು 3 ನಿಮಿಷ ಕಾಯಬೇಕು. 20 ನಿಮಿಷದ ಅಭ್ಯಾಸದಲ್ಲಿ ಒಬ್ಬೊಬ್ಬರಿಗೆ ಸಿಕ್ಕಿದ್ದು ಆರೇಳು ಸರದಿ. ಎಲ್ಲಾ ಸೇರಿಸಿದರೂ ಒಂದು ನಿಮಿಷದ ಆಟ. ಉಳಿದ 19 ನಿಮಿಷ ಅವರು ಮುಂದಿನವರನ್ನು ತಳ್ಳುತ್ತಾ, ಹುಲ್ಲು ಕೀಳುತ್ತಾ ನಿಂತಿದ್ದರು. ಅದಕ್ಕೆ ನಾನು ಗದರುತ್ತಲೂ ಇದ್ದೆ.

ಆವತ್ತಿನಿಂದ ಯಾವ ಸೆಷನ್ ಬರೆದರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಹೊತ್ತಲ್ಲಿ ಎಷ್ಟು ಮಕ್ಕಳು ಆಡುತ್ತಿರುತ್ತಾರೆ, ಎಷ್ಟು ಮಕ್ಕಳು ನಿಂತಿರುತ್ತಾರೆ? ಕೆಳಗೆ ಬರೆದಿರುವುದೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ಉದಾಹರಣೆಗಳು ಹೆಚ್ಚಾಗಿ ಫುಟ್‌ಬಾಲ್‌ನವು, ಆದರೆ ಕೆಲಸದ ಕ್ರಮ ಯಾವ ಆಟಕ್ಕೂ ಹೊಂದುತ್ತದೆ.

ಹಂತ 1: ಯಾರು ಬರುತ್ತಾರೆ ಅಂತ ತಿಳಿದುಕೊಳ್ಳಿ

ಪೆನ್ನು ಹಿಡಿಯುವ ಮೊದಲು ಮಕ್ಕಳ ಪಟ್ಟಿ ಕೈಯಲ್ಲಿರಲಿ. ಎಷ್ಟು ಜನ, ವಯಸ್ಸೆಷ್ಟು, ಎಷ್ಟು ದಿನದಿಂದ ಆಡುತ್ತಿದ್ದಾರೆ. ಜೊತೆಗೆ ಪೋಷಕರಿಂದ ಬರೆಸಿಕೊಳ್ಳಬೇಕಾದ ಮಾತುಗಳಿವೆ: ಆಸ್ತಮಾ ಇದೆಯಾ, ಫಿಟ್ಸ್ ಬರುತ್ತದೆಯಾ, ಯಾವುದಕ್ಕಾದರೂ ಅಲರ್ಜಿ ಇದೆಯಾ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಮೈದಾನದ ಅಂಚಿನಲ್ಲೇ ಇರಬೇಕು. ಬೀಗ ಹಾಕಿದ ಕೋಣೆಯ ಬ್ಯಾಗಿನಲ್ಲಿದ್ದರೆ ಇಲ್ಲದ ಹಾಗೆಯೇ.

ವಯಸ್ಸು ಒಂದೇ ಆದರೂ ಮೈ ಒಂದೇ ಅಲ್ಲ. ಹುಡುಗಿಯರು ಸರಾಸರಿ 12ನೇ ವಯಸ್ಸಿನ ಆಸುಪಾಸು, ಹುಡುಗರು 14ರ ಆಸುಪಾಸು ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆದರೆ ಅದು ಬರೀ ಸರಾಸರಿ. 13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬ ಆಗಲೇ ಗಂಡಸಿನಂತೆ ಕಾಣಬಹುದು, ಇನ್ನೊಬ್ಬ ಇನ್ನೂ ಪುಟ್ಟ ಹುಡುಗನೇ ಆಗಿರಬಹುದು. ಬೇಗ ಬೆಳೆದವನು ಬಲದಿಂದ ಗೆಲ್ಲುತ್ತಾನೆ, ನಾವು ಅದನ್ನು ಪ್ರತಿಭೆ ಅಂದುಕೊಳ್ಳುತ್ತೇವೆ. ತಡವಾಗಿ ಬೆಳೆಯುವವನನ್ನು ಬದಿಗೆ ಕೂರಿಸುತ್ತೇವೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದಾರೆ ಎಂದು ಸಂಶೋಧಕರು 1985ರಲ್ಲೇ ತೋರಿಸಿದ್ದರು. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ, ಕೆಲವೇ ತಿಂಗಳು ದೊಡ್ಡವರಾದ ಮಕ್ಕಳು ಮೊದಲು ಆಯ್ಕೆಯಾಗುತ್ತಾರೆ. ಹಾಗೆ ಆಯ್ಕೆಯಾದವರಿಗೆ ಮುಂದೆ ಒಳ್ಳೆಯ ತರಬೇತಿಯೂ ಸಿಗುತ್ತದೆ. ಹಾಗಾಗಿ ಸಣ್ಣ ಮಕ್ಕಳಲ್ಲಿ ಯಾರನ್ನೂ ಬೇಗ ಕೈಬಿಡಬೇಡಿ.

ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಬರುವುದು ಸಾಮಾನ್ಯ. ಮೂಳೆಯ ಬೆಳೆಯುವ ಭಾಗವನ್ನು ಸ್ನಾಯುಗಳು ಎಳೆಯುವುದರಿಂದ ಹೀಗಾಗುತ್ತದೆ. ಓಟ, ಜಿಗಿತ ಕಡಿಮೆ ಮಾಡಿಸಿ, ವೈದ್ಯರಿಗೆ ತೋರಿಸಲು ಹೇಳಿ. 'ಸ್ವಲ್ಪ ತಡ್ಕೊ, ಸರಿಹೋಗುತ್ತೆ' ಅನ್ನುವ ಮಾತು ಕೋಚ್ ಬಾಯಲ್ಲಿ ಬರಬಾರದು.

ಹಂತ 2: ಒಂದು ದಿನಕ್ಕೆ ಒಂದೇ ಗುರಿ

'ಇವತ್ತು ಪಾಸಿಂಗ್' ಅನ್ನುವುದು ಗುರಿ ಅಲ್ಲ, ಅದು ಪಾಠದ ಹೆಸರು. ಗುರಿ ಅಂದರೆ ಮೈದಾನದ ಹೊರಗೆ ನಿಂತವರಿಗೂ ಕಣ್ಣಿಗೆ ಕಾಣಬೇಕು. ಉದಾಹರಣೆಗೆ: 'ಚೆಂಡು ತನ್ನ ಹತ್ತಿರ ಬರುವ ಮೊದಲು ಮಗು ಒಮ್ಮೆ ತಲೆಯೆತ್ತಿ ಸುತ್ತ ನೋಡಬೇಕು.' ಇದನ್ನು ಒಂದು ವಾಕ್ಯದಲ್ಲಿ ಹಾಳೆಯ ತುದಿಯಲ್ಲಿ ಬರೆಯಿರಿ. ಸೆಷನ್ ಪೂರ್ತಿ ನೀವು ನೋಡುವುದು, ಮಾತಾಡುವುದು, ಮೆಚ್ಚುವುದು ಇದನ್ನೇ. ಇನ್ನೂ ಹತ್ತು ತಪ್ಪು ಕಣ್ಣಿಗೆ ಬೀಳುತ್ತವೆ. ಅವು ಮುಂದಿನ ವಾರದವು.

ಇದು ಹೇಳುವಷ್ಟು ಸುಲಭ ಅಲ್ಲ. ತಪ್ಪು ಕಂಡ ಕೂಡಲೇ ಬಾಯಿ ತೆರೆಯುವುದು ಕಲಿಸುವವರ ಅಭ್ಯಾಸ. ಹಾಳೆಯ ತುದಿಯ ಆ ಒಂದು ವಾಕ್ಯ ನಮ್ಮನ್ನೇ ತಡೆಯಲು ಇರುವುದು.

ಹಂತ 3: ಹಾಳೆಯಲ್ಲಿ ಯೋಜನೆ

60 ನಿಮಿಷದ ಸೆಷನ್‌ಗೆ ನಾನು ಹಾಕಿಕೊಳ್ಳುವ ಲೆಕ್ಕ ಹೀಗಿದೆ:

- 10 ನಿಮಿಷ: ಬಂದ ಕೂಡಲೇ ಆಟ, ಮೈ ಬಿಸಿ ಮಾಡುವುದು
- 15 ನಿಮಿಷ: ಚಿಕ್ಕ ತಂಡಗಳ ಆಟ
- 15 ನಿಮಿಷ: ಅವತ್ತಿನ ಕೌಶಲದ ಅಭ್ಯಾಸ
- 15 ನಿಮಿಷ: ಮತ್ತೆ ಆಟ
- 5 ನಿಮಿಷ: ಮಾತು, ಸಾಮಾನು ಎತ್ತಿಡುವುದು

ಅಭ್ಯಾಸಕ್ಕಿಂತ ಮೊದಲೇ ಆಟ ಯಾಕೆ ಅಂತ ಕೇಳಬಹುದು. ಆಟ ಆಡಿದಾಗ ಮಕ್ಕಳಿಗೆ ತಮ್ಮ ತೊಡಕು ತಾವೇ ಗೊತ್ತಾಗುತ್ತದೆ. 'ನಾನು ಪಾಸ್ ಮಾಡಿದ್ದೆಲ್ಲ ಎದುರಾಳಿಗೇ ಹೋಗುತ್ತಿದೆ' ಅನ್ನಿಸಿದ ಮೇಲೆ ಪಾಸ್ ಅಭ್ಯಾಸಕ್ಕೆ ಒಂದು ಅರ್ಥ ಬರುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಈ ವಾದವನ್ನು ಮುಂದಿಟ್ಟರು. ಮೊದಲು ಆಟವನ್ನು ಮಕ್ಕಳ ಮಟ್ಟಕ್ಕೆ ಬದಲಾಯಿಸಿ ಆಡಿಸಿ, ಆಟ ಅರ್ಥವಾಗಲಿ, ಕೌಶಲದ ಅಗತ್ಯ ಕಂಡಾಗ ಕೌಶಲ ಕಲಿಸಿ ಎಂಬುದು ಅವರ ದಾರಿ. ನನಗೆ ಇದಕ್ಕಿಂತ ಕೆಲಸಕ್ಕೆ ಬಂದ ಮಾತು ಇನ್ನೊಂದಿಲ್ಲ.

ಪ್ರತಿ ಚಟುವಟಿಕೆಯ ಪಕ್ಕ ಮೂರು ವಿಷಯ ಬರೆದಿಡಿ. ಕೋನ್‌ಗಳು (ಜಾಗ ಗುರುತು ಮಾಡಲು ನೆಲದ ಮೇಲಿಡುವ ಪ್ಲಾಸ್ಟಿಕ್ ಶಂಕುಗಳು) ಎಲ್ಲಿ, ತುಂಬಾ ಸುಲಭ ಆದರೆ ಏನು ಬದಲಾಯಿಸುತ್ತೇನೆ, ತುಂಬಾ ಕಷ್ಟ ಆದರೆ ಏನು ಬದಲಾಯಿಸುತ್ತೇನೆ. 12 ಜನ ಬರಬೇಕಿದ್ದ ಕಡೆ 9 ಜನ ಬಂದರೆ ಏನು ಮಾಡುವುದು ಅನ್ನುವುದನ್ನೂ ಬರೆಯಿರಿ, ಏಕೆಂದರೆ ಆ ಸಂದರ್ಭ ಖಂಡಿತ ಬರುತ್ತದೆ.

ಹಂತ 4: ಸಾಮಾನು ಮಗುವಿನ ಅಳತೆಗಿರಲಿ

ದೊಡ್ಡವರ ಚೆಂಡು, ದೊಡ್ಡವರ ಬಲೆ ಕೊಟ್ಟರೆ ಮಗು ಕಲಿಯುವುದು ಅಡ್ಡದಾರಿ. ಬಾಸ್ಕೆಟ್‌ಬಾಲ್‌ನಲ್ಲಿ ಭಾರದ ಚೆಂಡನ್ನು ಬುಟ್ಟಿಗೆ ಮುಟ್ಟಿಸಲು ಸೊಂಟದಿಂದ ಎಸೆಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಕ್ರೀಡಾ ಸಂಸ್ಥೆಗಳೇ ಇದನ್ನು ಒಪ್ಪಿಕೊಂಡಿವೆ. ದೊಡ್ಡವರ ಬಾಸ್ಕೆಟ್‌ಬಾಲ್ ರಿಂಗ್ 3.05 ಮೀಟರ್ ಎತ್ತರದಲ್ಲಿದ್ದರೆ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್, ಚೆಂಡು 5ನೇ ಸೈಜ್. ಟೆನಿಸ್‌ನಲ್ಲಿ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ. ಬದಲಿಗೆ ನಿಧಾನವಾಗಿ ಹೋಗುವ, ಕಡಿಮೆ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಚೆಂಡುಗಳಿವೆ. ಕ್ರಿಕೆಟ್‌ನಲ್ಲಿ ಪುರುಷರ ಚೆಂಡು 156ರಿಂದ 163 ಗ್ರಾಂ, ಕಿರಿಯರ ಚೆಂಡು 133ರಿಂದ 144 ಗ್ರಾಂ. ಫುಟ್‌ಬಾಲ್‌ನಲ್ಲಿ ಸುಮಾರು 8 ವರ್ಷದೊಳಗಿನವರಿಗೆ 3ನೇ ಸೈಜ್, 8ರಿಂದ 12ರವರಿಗೆ 4ನೇ ಸೈಜ್ ಸಾಕು.

ಚೆಂಡುಗಳು ಕಡಿಮೆ ಇದ್ದರೆ ಆಟವನ್ನು ಅದಕ್ಕೆ ತಕ್ಕಂತೆ ಹೆಣೆಯಿರಿ. ಮಕ್ಕಳನ್ನು ಸಾಲು ಮಾಡಿ ನಿಲ್ಲಿಸುವುದು ಮಾತ್ರ ಬೇಡ.

ಹಂತ 5: ಮಕ್ಕಳು ಬರುವ ಮೊದಲೇ ಮೈದಾನ ಸುತ್ತಿ

15 ನಿಮಿಷ ಮೊದಲು ಹೋಗಿ. ಮೈದಾನ ಪೂರ್ತಿ ನಡೆಯಿರಿ. ಗಾಜಿನ ಚೂರು, ಗುಂಡಿ, ಕಲ್ಲು, ಜಾರುವ ಜಾಗ ನೋಡಿ. ಎತ್ತಿ ಒಯ್ಯುವಂಥ ಗೋಲುಕಂಬಗಳಿದ್ದರೆ ಅವನ್ನು ನೆಲಕ್ಕೆ ಭದ್ರವಾಗಿ ಕಟ್ಟಿದ್ದಾರಾ ಅಂತ ಕೈಯಿಂದಲೇ ಅಲ್ಲಾಡಿಸಿ ನೋಡಿ. ಮಕ್ಕಳು ಅಡ್ಡಕಂಬಕ್ಕೆ ಜೋತುಬಿದ್ದು, ಕಂಬ ಮಗುಚಿ ಪ್ರಾಣ ಹೋದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಚಾರ್ಜ್ ಇರುವ ಫೋನ್, ಪೋಷಕರ ನಂಬರ್‌ಗಳ ಹಾಳೆ, ಕುಡಿಯುವ ನೀರು ಒಂದೇ ಕಡೆ ಇಡಿ. ಇನ್ನೊಬ್ಬ ದೊಡ್ಡವರು ಜೊತೆಗಿರಲೇಬೇಕು. ಒಬ್ಬ ಮಗುವಿಗೆ ಪೆಟ್ಟಾದರೆ ಉಳಿದವರನ್ನು ನೋಡಲು ಒಬ್ಬರು ಬೇಕು. ಅದಕ್ಕಿಂತ ದೊಡ್ಡ ಕಾರಣವೂ ಇದೆ: ಯಾವ ಕೋಚ್ ಕೂಡ ಯಾವ ಮಗುವಿನ ಜೊತೆಗೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಬ್ಬರೇ ಇರಬಾರದು. ಫೋನ್ ಸಂದೇಶವೂ ಅಷ್ಟೇ, ಮಗುವಿಗೆ ನೇರವಾಗಿ ಕಳಿಸದೆ ಪೋಷಕರಿಗೆ ಕಳಿಸಿ. ಈ ನಿಯಮ ಮಗುವನ್ನೂ ಕಾಯುತ್ತದೆ, ಕೋಚ್‌ನನ್ನೂ ಕಾಯುತ್ತದೆ.

ಸಿಡಿಲಿನ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಆಟ ನಿಲ್ಲಿಸಿ, ಎಲ್ಲರನ್ನೂ ಕಟ್ಟಡದೊಳಗೆ ಕರೆದುಕೊಂಡು ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ. ಮರದ ಕೆಳಗೆ ನಿಲ್ಲುವುದು ಅಪಾಯ.

ಹಂತ 6: ಮೊದಲು ಬಂದ ಮಗು ಮೊದಲು ಆಡಲಿ

ಎಲ್ಲರೂ ಬರಲಿ ಅಂತ ಕಾಯಬೇಡಿ. ಇಬ್ಬರು ಬಂದರೆ ಒಬ್ಬರಿಗೊಬ್ಬರು, ಮೂವರು ಬಂದರೆ ಇಬ್ಬರ ಮಧ್ಯೆ ಒಬ್ಬರು. ಬಂದವರು ಸೇರಿಕೊಳ್ಳುತ್ತಾ ಹೋಗಲಿ. ಬೇಗ ಬಂದರೆ ಜಾಸ್ತಿ ಆಡಬಹುದು ಅಂತ ಗೊತ್ತಾದರೆ ಮಕ್ಕಳೇ ಅಪ್ಪ ಅಮ್ಮನನ್ನು ಬೇಗ ಹೊರಡಿಸುತ್ತಾರೆ.

ಮೈ ಬಿಸಿ ಮಾಡಲು ಮೈದಾನ ಸುತ್ತ ಓಡಿಸುವುದು ಹಳೆಯ ರೂಢಿ. ಅದಕ್ಕಿಂತ ಚೆಂಡು ಹಿಡಿದು ಮುಟ್ಟಾಟ ಆಡಿಸುವುದು ಒಳ್ಳೆಯದು. ಅದರಲ್ಲೇ ಓಟ, ತಿರುಗು, ನಿಲ್ಲು ಎಲ್ಲಾ ಬರುತ್ತದೆ. ನಿಂತಲ್ಲೇ ಕಾಲು ಚಾಚಿ ತುಂಬಾ ಹೊತ್ತು ಎಳೆಯುವ ಸ್ಟ್ರೆಚಿಂಗ್ ಕೊನೆಗಿರಲಿ. ದೊಡ್ಡ ಮಕ್ಕಳಿಗೆ ಫಿಫಾ 11+ ಎಂಬ ಕ್ರಮ ಚೆನ್ನಾಗಿದೆ. 3 ಭಾಗ, 15 ವ್ಯಾಯಾಮ, ಸುಮಾರು 20 ನಿಮಿಷ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಕಡಿಮೆಯಾಗಿವೆ. 7ರಿಂದ 13 ವರ್ಷದವರಿಗೆ ಅದರದೇ ಮಕ್ಕಳ ಆವೃತ್ತಿ ಇದೆ.

ಹಂತ 7: ಒಂದು ನಿಮಿಷದಲ್ಲಿ ವಿವರಿಸಿ ಮುಗಿಸಿ

ಮಕ್ಕಳ ಬೆನ್ನಿಗೆ ಬಿಸಿಲು ಇರಲಿ, ನಿಮ್ಮ ಮುಖಕ್ಕೆ ಬಿಸಿಲು ಬರಲಿ. ಅವರ ಹಿಂದೆ ಏನೂ ನಡೆಯದಂತೆ ನೋಡಿಕೊಳ್ಳಿ. ಚೆಂಡುಗಳು ನೆಲದಲ್ಲಿರಲಿ. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ, ಒಂದು ಸಲ ನಿಧಾನವಾಗಿ, ಒಂದು ಸಲ ನಿಜವಾದ ವೇಗದಲ್ಲಿ. 'ಅರ್ಥ ಆಯ್ತಾ?' ಅಂತ ಕೇಳಿದರೆ ಎಲ್ಲರೂ 'ಹೂಂ' ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ 'ಚೆಂಡು ಗೆರೆ ದಾಟಿದರೆ ಏನು ಮಾಡಬೇಕು?' ಅಂತ ಕೇಳಿ. ಉತ್ತರದಲ್ಲೇ ಎಲ್ಲಾ ಗೊತ್ತಾಗುತ್ತದೆ. ಉಳಿದ ಅನುಮಾನ ಆಡುತ್ತಾ ಪರಿಹಾರವಾಗುತ್ತದೆ.

ಹಂತ 8: ಆಡಿಸಿ, ನೋಡಿ, ಬದಲಾಯಿಸಿ

ಸೆಷನ್‌ನ ಜೀವ ಇಲ್ಲೇ ಇರುವುದು. 12 ಮಕ್ಕಳಿದ್ದಾರೆ ಅಂದುಕೊಳ್ಳಿ. ನಾಲ್ಕು ನಾಲ್ಕು ಜನರ 3 ಗುಂಪು ಮಾಡಿ. ಪ್ರತಿ ಗುಂಪಿಗೆ 8 ಮೀಟರ್ ಉದ್ದಗಲದ ಚೌಕ, ಒಂದು ಚೆಂಡು. ಮೂವರು ಚೆಂಡನ್ನು ಕಾಪಾಡಿಕೊಳ್ಳಬೇಕು, ಮಧ್ಯದ ಒಬ್ಬರು ಕಿತ್ತುಕೊಳ್ಳಬೇಕು. ನಿಮಿಷಕ್ಕೊಮ್ಮೆ ಮಧ್ಯದವರು ಬದಲಾಗಲಿ. ಈಗ ಇಡೀ ಮೈದಾನದಲ್ಲಿ ನಿಂತ ಮಗು ಒಂದೂ ಇಲ್ಲ.

ಎರಡು ನಿಮಿಷ ಸುಮ್ಮನಿದ್ದು ನೋಡಿ. ಪಾಸ್‌ಗಳು ಒಂದೆರಡರಲ್ಲೇ ಕಡಿದು ಹೋಗುತ್ತಿದ್ದರೆ ಕಷ್ಟ ಜಾಸ್ತಿ ಆಗಿದೆ. ಮಧ್ಯದವರಿಗೆ ಚೆಂಡೇ ಸಿಗದಿದ್ದರೆ ತುಂಬಾ ಸುಲಭ. ಬದಲಾಯಿಸಲು ನಾಲ್ಕು ಕೀಲಿಗಳಿವೆ: ಜಾಗ, ಕೆಲಸ, ಸಾಮಾನು, ಜನ. ಚೌಕವನ್ನು 10 ಮೀಟರ್ ಮಾಡಿದರೆ ಉಸಿರಾಡಲು ಜಾಗ ಸಿಗುತ್ತದೆ, 6 ಮೀಟರ್ ಮಾಡಿದರೆ ಬೇಗ ಯೋಚಿಸಬೇಕಾಗುತ್ತದೆ. 'ಎರಡೇ ಸಲ ಮುಟ್ಟಬೇಕು' ಅಂದರೆ ಕೆಲಸ ಬದಲಾಯಿತು. ಚೆಂಡಿನ ಸೈಜ್ ಬದಲಾಯಿಸಬಹುದು. ನಾಲ್ವರಿಗೆ ಒಬ್ಬರು ಅಥವಾ ಮೂವರಿಗೆ ಇಬ್ಬರು ಮಾಡಬಹುದು. ಒಂದು ಸಲಕ್ಕೆ ಒಂದೇ ಕೀಲಿ ತಿರುಗಿಸಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ನಿಮಗೇ ತಿಳಿಯುವುದಿಲ್ಲ.

ಮೂರೂ ಚೌಕದಲ್ಲಿ ಒಂದೇ ನಿಯಮ ಇರಬೇಕಾಗಿಲ್ಲ. ಹೊಸಬರ ಚೌಕ ದೊಡ್ಡದಿರಲಿ, ಪಳಗಿದವರದ್ದು ಚಿಕ್ಕದಿರಲಿ. ಒಬ್ಬ ಮಗು ಗಾಲಿಕುರ್ಚಿಯಲ್ಲಿದ್ದರೂ, ಕಿವಿ ಮಂದವಾಗಿದ್ದರೂ ಇದೇ ನಾಲ್ಕು ಕೀಲಿಗಳು ಕೆಲಸಕ್ಕೆ ಬರುತ್ತವೆ. ಕಿವಿ ಮಂದವಾದ ಮಗುವಿಗೆ ಸೀಟಿಯ ಜೊತೆ ಕೈ ಎತ್ತುವ ಸನ್ನೆ ಸೇರಿಸಿ. ಏನು ಬದಲಾಯಿಸಿದರೆ ಅನುಕೂಲ ಅಂತ ಆ ಮಗುವನ್ನೇ ಕೇಳಿ. ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಕೌಶಲವನ್ನು ಒಂದೇ ರೀತಿ ಐವತ್ತು ಸಲ ಮಾಡಿಸಿದರೆ ಅವತ್ತು ಚೆನ್ನಾಗಿ ಕಾಣುತ್ತದೆ. ಆದರೆ 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಗಳ ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ಚಲನೆಗಳನ್ನು ಕಲಸಿ ಅಭ್ಯಾಸ ಮಾಡಿದವರು ಮೊದಲು ಹಿಂದೆ ಬಿದ್ದರೂ, ದಿನಗಳ ನಂತರ ಪರೀಕ್ಷಿಸಿದಾಗ ಅವರಿಗೇ ಚೆನ್ನಾಗಿ ನೆನಪಿತ್ತು. ಹಾಗಾಗಿ ಮೊದಲ ಪರಿಚಯ ಆದ ಮೇಲೆ ಬಲಗಾಲು, ಎಡಗಾಲು, ಹತ್ತಿರದ ಪಾಸ್, ದೂರದ ಪಾಸ್ ಎಲ್ಲಾ ಕಲಸಿ ಕೊಡಿ. ಅಭ್ಯಾಸ ಸ್ವಲ್ಪ ಗಲಿಬಿಲಿ ಕಂಡರೆ ಭಯ ಬೇಡ.

ಇನ್ನೊಂದು ಮಾತು ನನಗೆ ತುಂಬಾ ಮುಖ್ಯ. 'ಸೋತವರು ಔಟ್' ಅನ್ನುವ ಆಟಗಳನ್ನು ಬಿಟ್ಟುಬಿಡಿ. ಅದರಲ್ಲಿ ಮೊದಲು ಹೊರಗೆ ಹೋಗಿ ಕೂರುವುದು ಯಾರು? ಜಾಸ್ತಿ ಅಭ್ಯಾಸ ಬೇಕಾದ ಮಗುವೇ. ಔಟ್ ಆದವರು ಬದಿಯಲ್ಲಿ ಐದು ಸಲ ಚೆಂಡು ಪುಟಿಸಿ ಮತ್ತೆ ಒಳಗೆ ಬರಲಿ. ಇಬ್ಬರು ನಾಯಕರನ್ನು ನಿಲ್ಲಿಸಿ ತಂಡ ಆರಿಸುವ ರೂಢಿಯೂ ಬೇಡ. ಕೊನೆಗೆ ಉಳಿದ ಮಗುವಿನ ಮುಖ ಒಮ್ಮೆ ನೋಡಿದರೆ ನೀವೂ ಅದನ್ನು ನಿಲ್ಲಿಸುತ್ತೀರಿ. ತಂಡಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ.

ಹಂತ 9: ಕಡಿಮೆ ಮಾತು, ಸರಿಯಾದ ಮಾತು

'ಚೆನ್ನಾಗಿದೆ' ಅಂದರೆ ಮಗುವಿಗೆ ಖುಷಿ ಆಗುತ್ತದೆ, ಆದರೆ ಏನು ಚೆನ್ನಾಗಿತ್ತು ಅಂತ ತಿಳಿಯುವುದಿಲ್ಲ. 'ಚೆಂಡು ಬರುವ ಮೊದಲೇ ತಿರುಗಿ ನೋಡಿದೆ, ಅದಕ್ಕೇ ಪಾಸ್ ಸರಿಯಾಗಿ ಹೋಯಿತು' ಅನ್ನಿ. ತಿದ್ದುವಾಗ ಮೈಯ ಭಾಗಕ್ಕಿಂತ ಹೊರಗಿನ ಗುರಿಯ ಮೇಲೆ ಗಮನ ಕೊಡಿಸಿ. 'ಮೊಣಕೈ ನೇರ ಮಾಡು' ಅನ್ನುವುದಕ್ಕಿಂತ 'ಚೆಂಡು ರಿಂಗಿನ ಮೇಲಿಂದ ಇಳಿಯಲಿ' ಅಂದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ಗ್ಯಾಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರ ಸಂಶೋಧನೆಗಳು ತೋರಿಸಿವೆ.

ಚೆಂಡು ಆಡುತ್ತಿರುವಾಗ ಬದಿಯಿಂದ 'ಪಾಸ್ ಮಾಡು, ಹೊಡಿ, ಹಿಂದೆ ಬಾ' ಅಂತ ಕೂಗಬೇಡಿ. ಆಗ ಯೋಚಿಸುವ ಕೆಲಸ ನಿಮ್ಮದಾಗುತ್ತದೆ, ಕಾಲು ಮಾತ್ರ ಮಗುವಿನದ್ದು. ಆಟ ನಿಂತಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿ: 'ಆಗ ನಿನಗೆ ಏನು ಕಾಣಿಸಿತು?'

ಕೋಚ್ ನಡೆದುಕೊಳ್ಳುವ ರೀತಿಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಅಮೆರಿಕದ ಬೇಸ್‌ಬಾಲ್ ಕೋಚ್‌ಗಳ ಮೇಲೆ ನಡೆದ, 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಮೆಚ್ಚುವುದು, ತಪ್ಪಾದಾಗ ಧೈರ್ಯ ತುಂಬಿ ತಿದ್ದುವುದು, ಶಿಕ್ಷೆ ಬಿಡುವುದು, ಇಷ್ಟನ್ನು ಕೆಲವು ಕೋಚ್‌ಗಳಿಗೆ ಕಲಿಸಲಾಗಿತ್ತು. ಅವರ ತಂಡಗಳಿಂದ ಮುಂದಿನ ವರ್ಷ ಆಟ ಬಿಟ್ಟ ಮಕ್ಕಳು ಶೇ. 5. ಉಳಿದ ಕೋಚ್‌ಗಳ ತಂಡಗಳಲ್ಲಿ ಶೇ. 26. ಗೆಲುವು ಸೋಲಿನ ಲೆಕ್ಕದಲ್ಲಿ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ.

ತಪ್ಪು ಮಾಡಿದ್ದಕ್ಕೆ ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು ಬೇಡವೇ ಬೇಡ. ಓಟ ಅಂದರೆ ಶಿಕ್ಷೆ ಅಂತ ಕಲಿತ ಮಗು ಮುಂದೆ ಓಟವನ್ನು ಹೇಗೆ ಪ್ರೀತಿಸುತ್ತದೆ? ಗಲಾಟೆ ಜಾಸ್ತಿ ಆದರೆ ಮೊದಲು ನಿಮ್ಮ ಚಟುವಟಿಕೆಯನ್ನೇ ನೋಡಿ. ಬಹಳ ಸಲ ಮಕ್ಕಳಿಗೆ ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ.

ಹಂತ 10: ನೀರು, ಬಿಸಿಲು, ಪೆಟ್ಟು

9ರಿಂದ 12 ವರ್ಷದ ಮಕ್ಕಳಿಗೆ ಪ್ರತಿ 20 ನಿಮಿಷಕ್ಕೆ 100ರಿಂದ 250 ಮಿಲಿಲೀಟರ್ ನೀರು ಬೇಕು ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಮಕ್ಕಳು ಆಟದ ಗುಂಗಲ್ಲಿ ಬಾಯಾರಿಕೆ ಮರೆಯುತ್ತಾರೆ, ಆದ್ದರಿಂದ ನೀರಿನ ಬಿಡುವನ್ನು ಯೋಜನೆಯಲ್ಲೇ ಬರೆಯಿರಿ. ನೀರು ಕೊಡದೆ ಸತಾಯಿಸುವುದನ್ನು ಶಿಸ್ತು ಅನ್ನಬಾರದು.

ತಲೆಗೆ ಪೆಟ್ಟು ಬಿದ್ದರೆ ನಿಯಮ ಒಂದೇ. ಮಿದುಳಿಗೆ ಏಟಾಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಆ ಮಗುವನ್ನು ಆಟದಿಂದ ಹೊರಗೆ ತನ್ನಿ, ಅವತ್ತು ಮತ್ತೆ ಇಳಿಸಬೇಡಿ. ಎಚ್ಚರ ತಪ್ಪಲೇಬೇಕು ಅಂತೇನಿಲ್ಲ. ತಲೆನೋವು, ತಲೆಸುತ್ತು, ಗೊಂದಲ, ವಾಕರಿಕೆ, ಮಂಕಾಗಿ ನೋಡುವುದು, ಇಷ್ಟೇ ಕಂಡರೂ ವೈದ್ಯರು ನೋಡಬೇಕು. ಮತ್ತೆ ಮತ್ತೆ ವಾಂತಿ, ಫಿಟ್ಸ್, ಕುತ್ತಿಗೆ ನೋವು, ಹೆಚ್ಚುತ್ತಾ ಹೋಗುವ ತಲೆನೋವು, ತೂಕಡಿಕೆ ಕಂಡರೆ ಕಾಯದೆ ಆಂಬುಲೆನ್ಸ್ ಕರೆಯಿರಿ. ಕುತ್ತಿಗೆ ನೋವಿದ್ದರೆ ಮಗುವನ್ನು ಅಲ್ಲಾಡಿಸಬೇಡಿ. 'ನಾನು ಆಡ್ತೀನಿ ಸರ್' ಅಂತ ಮಗು ಅಳುತ್ತಾ ಕೇಳಿದರೂ, ಪಂದ್ಯದ ಕೊನೆಯ ನಿಮಿಷವೇ ಆದರೂ ಉತ್ತರ 'ಇಲ್ಲ ಕಂದಾ'.

ವಾರದ ಲೆಕ್ಕವೂ ಇರಲಿ. ಒಂದು ಆಟದ ತರಬೇತಿ ವಾರಕ್ಕೆ ಮಗುವಿನ ವಯಸ್ಸಿನಷ್ಟು ಗಂಟೆ ದಾಟಬಾರದು. ಅಂದರೆ 10 ವರ್ಷದವರಿಗೆ 10 ಗಂಟೆಯೇ ಗರಿಷ್ಠ. ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಬೇಕು. ಒಂದೇ ಮಗು ಎರಡು ತಂಡದಲ್ಲಿ ಆಡುತ್ತಿದ್ದರೆ ಇನ್ನೊಂದು ಕಡೆಯ ಕೋಚ್ ಜೊತೆ ಮಾತಾಡಿ. ಇಬ್ಬರಿಗೂ ತಮ್ಮ ಗಂಟೆ ಮಾತ್ರ ಕಾಣುತ್ತದೆ, ಮೈ ಮಾತ್ರ ಒಂದೇ ಅಲ್ವಾ?

ಹಂತ 11: ಮುಗಿಸುವುದು

ಕೊನೆಯ ಆಟವನ್ನು ಮಕ್ಕಳು ಇನ್ನೂ ಆಡಬೇಕು ಅನ್ನುತ್ತಿರುವಾಗಲೇ ನಿಲ್ಲಿಸಿ. ವೃತ್ತದಲ್ಲಿ ಕೂರಿಸಿ ಎರಡೇ ಪ್ರಶ್ನೆ ಕೇಳಿ: 'ಇವತ್ತು ಯಾವುದು ಸುಲಭ ಆಯ್ತು? ಯಾವುದು ಇನ್ನೂ ಕಷ್ಟ?' ಸುಮ್ಮನೆ ಕೂತ ಮಗುವಿಗೂ ಮಾತಾಡಲು ಹೊತ್ತು ಕೊಡಿ. ಕೋನ್‌ಗಳನ್ನು ಎಲ್ಲರೂ ಸೇರಿ ಎತ್ತಿಡಲಿ. ಪ್ರತಿ ಮಗುವನ್ನೂ ಕರೆದೊಯ್ಯಲು ಬಂದವರ ಕೈಗೇ ಒಪ್ಪಿಸಿ. ಕೊನೆಯ ಮಗು ಹೋಗುವವರೆಗೆ ಇಬ್ಬರೂ ದೊಡ್ಡವರು ಅಲ್ಲೇ ಇರಿ.

ಮನೆಗೆ ಹೋಗುವ ಮೊದಲು, ನೆನಪು ಹಸಿ ಇರುವಾಗಲೇ, ಅದೇ ಹಾಳೆಯ ಹಿಂದೆ ಮೂರು ಸಾಲು ಬರೆಯಿರಿ. ಗುರಿ ಎಷ್ಟು ಮಕ್ಕಳಲ್ಲಿ ಕಾಣಿಸಿತು. ಯಾವ ಚಟುವಟಿಕೆಯಲ್ಲಿ ಮಕ್ಕಳು ನಿಂತುಬಿಟ್ಟರು. ಇವತ್ತು ನಾನು ಯಾವ ಮಗುವಿನ ಹೆಸರನ್ನು ಒಂದು ಸಲವೂ ಕರೆಯಲಿಲ್ಲ. ಮುಂದಿನ ಸೆಷನ್‌ನಲ್ಲಿ ಆ ಮಗುವಿನ ಚೌಕದಿಂದಲೇ ಶುರು ಮಾಡಿ. ವಾಚು ಹಿಡಿದು ಮೂರು ನಿಮಿಷ ಅದನ್ನೇ ನೋಡಿ, ಚೆಂಡು ಎಷ್ಟು ಸಲ ಮುಟ್ಟಿತು ಅಂತ ಎಣಿಸಿ.